ನ್ಯೂಟ್ರಲ್‌ನಲ್ಲಿ ಬಿಡಿ

ದೆಹಲಿಯ ಹೌಜ್ ಖಾಸ್‌ನಲ್ಲಿ ಹೊಸ ಕಾರು ಕೊಂಡವರನ್ನು ಮೈಲೇಜ್ ಎಷ್ಟು ಅಂತ ಯಾರೂ ಕೇಳುವುದಿಲ್ಲ, ಎಲ್ಲಿ ನಿಲ್ಲಿಸ್ತೀರಿ ಅಂತ ಕೇಳುತ್ತಾರೆ. ಶೋರೂಮಿನಲ್ಲಿ ಈ ಮಾತೇ ಬಂದಿರಲಿಲ್ಲ. ಅಲ್ಲಿ ಏರ್‌ಬ್ಯಾಗಿನ ಪುರಾಣ, ಮೂರನೇ ಸಾಲಿನ ಸೀಟು ಮಡಚುವ ವಿಧಾನ, ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸು ಹಿಡಿಯುತ್ತವೆ ಎಂಬ ಲೆಕ್ಕ. ರಿಬ್ಬನ್ ಕಟ್ಟಿ, ಕೀಲಿ ಕೈಗಿಟ್ಟು, ಫೋಟೊ ತೆಗೆದು ಬೀಳ್ಕೊಟ್ಟರು. ಅಷ್ಟುದ್ದದ ಗಾಡಿಗೆ ನಮ್ಮ ಗಲ್ಲಿಯಲ್ಲಿ ಅಷ್ಟುದ್ದದ ಜಾಗ ಹುಡುಕುವುದು ನಮ್ಮ ಹಣೆಬರಹ.

ನಾವಿರುವುದು ಎನ್‌ಕ್ಲೇವ್ ಕಡೆ, ಚೋರ್ ಮಿನಾರಿನ ಹತ್ತಿರ. ಖಿಲ್ಜಿ ಕಾಲದ್ದು ಅನ್ನುತ್ತಾರೆ. ಮೈ ತುಂಬ ತೂತುಗಳು. ಕಳ್ಳರ ತಲೆ ಕಡಿದು ಆ ತೂತುಗಳಲ್ಲಿ ನೇತುಹಾಕುತ್ತಿದ್ದರಂತೆ. ತಮ್ಮ ಗೇಟಿನ ಮುಂದೆ ಯಾರದೋ ಕಾರು ಕಂಡಾಗ ಇಲ್ಲಿನ ಹಿರಿಯರು ಆ ಮಿನಾರಿನ ಕಡೆ ನೋಡುವ ನೋಟವೇ ಬೇರೆ. 1398ರಲ್ಲಿ ದೆಹಲಿ ಗೆದ್ದ ತೈಮೂರ್ ಹೌಜ್ ಖಾಸ್ ಕೆರೆಯ ಬಳಿ ದಂಡು ಇಳಿಸಿದ್ದ. ಅಷ್ಟು ಕುದುರೆಗಳಿಗೂ ಜಾಗ ಸಿಕ್ಕಿತಲ್ಲ, ಪುಣ್ಯವಂತ! ಈಗಿನ ಫಜೀತಿಗೆ ಕಾರಣ ದೊಡ್ಡ ಗುಟ್ಟೇನಲ್ಲ. ಹಿಂದೆ ಒಂದು ಪ್ಲಾಟಿಗೆ ಒಂದು ಸಂಸಾರ, ಹೆಚ್ಚೆಂದರೆ ಒಂದು ಅಂಬಾಸಡರ್. ಅದೇ ಮನೆ ಕೆಡವಿ ಬಿಲ್ಡರ್ ಮಹಡಿ ಮೇಲೆ ಮಹಡಿ ಎಬ್ಬಿಸಿದ. ಮಹಡಿಗೆ ಎರಡು ಕಾರು ಬಂದವು, ರಸ್ತೆ ಮಾತ್ರ ಇದ್ದಷ್ಟೇ ಇದೆ.

ಕಾರು ತಂದ ಸಂಜೆಯೇ ಎದುರುಮನೆಯ ನಿವೃತ್ತ ಅಂಕಲ್‌ಜಿ ಕಿಟಕಿಗೆ ಬಗ್ಗಿ ದೀಕ್ಷೆ ಕೊಟ್ಟರು: ಹ್ಯಾಂಡ್‌ಬ್ರೇಕ್ ಹಾಕಕೂಡದು, ಗೇರಿನಲ್ಲಿ ಬಿಡಕೂಡದು, ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಿ. ಒಳಸಾಲಿನವರು ಬೆಳಿಗ್ಗೆ ಹೊರಡಬೇಕಾದರೆ ಅಡ್ಡ ನಿಂತ ಹೊರಸಾಲಿನ ಗಾಡಿಯನ್ನು ತಳ್ಳಿಕೊಳ್ಳುತ್ತಾರೆ. ಬೆಲ್ ಒತ್ತಿ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಇದಕ್ಕಿಂತ ಸಭ್ಯವಾದ ಏರ್ಪಾಡು ಬೆಂಗಳೂರಿನಲ್ಲೂ ನಾನು ಕಂಡಿಲ್ಲ. ಗುಂಡಿ ಒತ್ತಿದರೆ ಬೀಳುವ ಎಲೆಕ್ಟ್ರಾನಿಕ್ ಬ್ರೇಕಿನ ದುಬಾರಿ ಕಾರಿನವರಿಗೆ ಈ ಸಮಾಜದಲ್ಲಿ ಮರ್ಯಾದೆ ಕಡಿಮೆ. ತಳ್ಳಿದರೆ ಅಲ್ಲಾಡದ ಗಾಡಿ ಯಾರಿಗೆ ಬೇಕು? ಅವರು ಡ್ಯಾಶ್‌ಬೋರ್ಡಿನಲ್ಲಿ ಫೋನ್ ನಂಬರ್ ಬರೆದಿಟ್ಟು, ರಾತ್ರಿಯೆಲ್ಲ ಫೋನ್ ತಲೆದಿಂಬಿನಡಿ ಇಟ್ಟುಕೊಂಡು ಮಲಗುತ್ತಾರೆ.

ಹಾಗಾಗಿ ನನ್ನ ಕಾರು ರಾತ್ರಿ ಬಿಟ್ಟಲ್ಲಿ ಬೆಳಿಗ್ಗೆ ಇರುವುದಿಲ್ಲ. ದೆಹಲಿಯ ಧೂಳು ರಾತ್ರಿ ಕಳೆಯುವುದರೊಳಗೆ ಗಾಡಿಯ ಮೇಲೆ ಹಿಟ್ಟು ಜರಡಿ ಹಿಡಿದಂತೆ ಕೂತಿರುತ್ತದೆ. ಡಿಕ್ಕಿಯ ಮೇಲೆ ಎರಡು ಅಂಗೈ, ಹತ್ತೂ ಬೆರಳು ಸ್ಪಷ್ಟ. ಬಕೆಟ್ ಹಿಡಿದು ಬರುವ ಹುಡುಗ ಮೊದಲು ಒರೆಸುವುದು ಅವನ್ನೇ. ಗಾಜು ಒರೆಸಿ, ಎರಡೂ ವೈಪರ್ ಎತ್ತಿ ನಿಲ್ಲಿಸಿ ಮುಂದಿನ ಕಾರಿಗೆ ಹೋಗುತ್ತಾನೆ. ವೈಪರ್ ಎತ್ತಿದೆ ಎಂದರೆ ಅವನ ಕೆಲಸ ಮುಗಿದಿದೆ, ಹಾಜರಿ ಬಿದ್ದಿದೆ.

ಓಡಿಸಿದ ಅನುಭವ ಕೇಳುತ್ತೀರಾ? ಅರವಿಂದೋ ಮಾರ್ಗದ ಮಟ್ಟಿಗೆ ಹೇಳುವುದಾದರೆ ಮೊದಲ ಎರಡು ಗೇರ್ ಚೆನ್ನಾಗಿವೆ. ಉಳಿದವುಗಳ ಬಗ್ಗೆ ಅಭಿಪ್ರಾಯ ಕೊಡುವಷ್ಟು ಪರಿಚಯ ಇನ್ನೂ ಆಗಿಲ್ಲ.

ನಮ್ಮಂಥವರ ಕಾರಿನ ಆಸೆ ಮೊದಲು ಚಿಗುರಿದ್ದು ಪಕ್ಕದ ಗ್ರೀನ್ ಪಾರ್ಕಿನಲ್ಲೇ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟದ್ದು ಅಲ್ಲಿನ ಹರ್‌ಪಾಲ್ ಸಿಂಗ್ ಅವರಿಗೆ. ಇಂಡಿಯನ್ ಏರ್‌ಲೈನ್ಸ್ ನೌಕರ. ಲಕ್ಕಿ ಡ್ರಾದಲ್ಲಿ ಹೆಸರು ಬಂದಿತ್ತು. ಬೆಲೆ ಐವತ್ತು ಸಾವಿರದ ಆಸುಪಾಸು. 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮಾರಲಿಲ್ಲ. ಆಮೇಲೆ ಡಿಐಎ 6479 ನಂಬರಿನ ಆ ಗಾಡಿ ಮನೆಯ ಹೊರಗೆ ತುಕ್ಕು ಹಿಡಿಯುತ್ತ ನಿಂತಿತ್ತು. ಕೊನೆಗೆ ಕಂಪನಿಯೇ ರಿಪೇರಿ ಮಾಡಿಸಿ ಪ್ರದರ್ಶನಕ್ಕಿಟ್ಟಿತು. ಆ ಕಾರಿನ ದುರವಸ್ಥೆಯ ಫೋಟೊ ನೋಡಿ ಎಲ್ಲರೂ ಅಯ್ಯೋ ಅಂದರು. ನನಗೆ ಆಶ್ಚರ್ಯವಾದದ್ದು, ಗ್ರೀನ್ ಪಾರ್ಕಿನಲ್ಲಿ ಅಷ್ಟು ಕಾಲ ಒಂದೇ ಕಡೆ ನಿಲ್ಲಲು ಬಿಟ್ಟರಲ್ಲ ಎಂದು.

ಇನ್ನು ಪೂಜೆಯ ಕಥೆ. ತುಮಕೂರಿನಿಂದ ಬಂದಿದ್ದ ಅಮ್ಮ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆಸಿ, ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಳು. ಹತ್ತಿಸಬೇಕಾದರೆ ಮುಂದೆ ಹೋಗಬೇಕಲ್ಲ? ಮುಂದೆ ಯಾರದೋ ಬಂಪರ್, ಒಂದು ಗೇಣಿನ ದೂರದಲ್ಲಿ. ಕತ್ತಲಾಗಿತ್ತು. "ಇರಲಿ ಬಿಡು, ಆ ಕಾರು ಹೋದ ಮೇಲೆ ಬೆಳಿಗ್ಗೆ ಎದ್ದು ಹತ್ತಿಸು" ಅಂದಳು. ನಿಂಬೆಹಣ್ಣನ್ನು ಚಕ್ರದ ಹಿಂದೂ ಮುಂದೂ ಇಟ್ಟರೆ ಎಲ್ಲಿಗೂ ಉರುಳುವುದಿಲ್ಲ ಎಂದು ಇನ್ನೂ ನಾಲ್ಕು ಜಡಿದಳು.

ಬೆಳಿಗ್ಗೆ ನಾವು ಕೆಳಗೆ ಬರುವಷ್ಟರಲ್ಲಿ ಕಾರು ಹಿಂದೆ ಸರಿದಿತ್ತು, ಹಿಂದಿನ ನಾಲ್ಕೂ ಅಪ್ಪಚ್ಚಿ. ಎದುರುಮನೆಯ ಡ್ರೈವರೂ ವಾಚ್‌ಮನ್ನೂ ಸೇರಿ ತಳ್ಳಿದ್ದರು. ಹಿಮ್ಮುಖವಾಗಿ ಹತ್ತಿದರೆ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂದು ಅಮ್ಮನಿಗೆ ಚಿಂತೆ. ಅಲ್ಲಿಂದಲೇ ಊರಿನ ಪುರೋಹಿತರಿಗೆ ಫೋನಾಯಿತು.

"ಹತ್ತಿತು ತಾನೇ? ಬಿಡೀಮ್ಮ" ಅಂದರಂತೆ ಅವರು.

"ಇನ್ನೇನ್ ನಿಂತ್ಕೊಂಡ್ ನೋಡ್ತೀಯೋ, ಮೊದಲು ಗಾಡಿ ಕದಲಿಸಿದೋರು ಅವರಿಬ್ರು" ಎಂದು ಅಮ್ಮ ಎರಡು ಹೋಳು ಕಾಯಿ, ಬಾಳೆಹಣ್ಣು ನನ್ನ ಕೈಗಿಟ್ಟು ಎದುರುಮನೆಗೆ ಅಟ್ಟಿದಳು.