ಪಾವರ್ತಿ ಮತ್ತೆ ಪಾರ್ವತಿಯಾದದ್ದು

ಹೋದ ಸಲ ಹೊಸಪೇಟೆಗೆ ಹೋದಾಗ ಅಪ್ಪನ ಹಳೇ ಕಡತವೊಂದನ್ನು ಯೂನಿಕೋಡಿಗೆ ಬದಲಾಯಿಸಿ ತೋರಿಸಿದೆ. ಅಪ್ಪ ರಿಟೈರ್ಡ್ ಕನ್ನಡ ಮೇಷ್ಟ್ರು. ಸುತ್ತಲ ಊರುಗಳ ಬಗ್ಗೆ ನುಡಿಯಲ್ಲಿ ಟೈಪ್ ಮಾಡಿಟ್ಟ ಅರವತ್ತು ಪುಟ. ಕನ್ನಡಕ ಏರಿಸಿ ಓದಿದವರೇ, "ಅಲ್ಲಪ್ಪಾ, ಸಂಡೂರಿನ ಪಾರ್ವತೀನ ಪಾವರ್ತಿ ಮಾಡಿಟ್ಟೀಯಲ್ಲ!" ಅಂದರು. ನೋಡಿದರೆ ಹಂಪಿಯ ಚಕ್ರತೀರ್ಥ 'ಚಕ್ರತೀಥರ್' ಆಗಿದೆ. ಕಂಪ್ಲಿ ಸೇತುವೆ ಮುಳುಗಿದ ವರ್ಷ 'ವಷರ್'!

'ಕನಾರ್ಟಕ' ಅಂತ ನೀವೂ ಎಲ್ಲಾದರೂ ಓದಿರ್ತೀರಿ. ಇದೂ ಅದೇ ರೋಗ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ನಾವೆಲ್ಲ ಬಹಳ ವರ್ಷ ನುಡಿ, ಬರಹದ ಹಳೇ ಫಾಂಟುಗಳಲ್ಲೇ ಬರೆದೆವು. ಅಲ್ಲಿ ಕಣ್ಣಿಗೆ ಕಾಣುವ ಕ್ರಮ: ಮೊದಲು ವ, ಆಮೇಲೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ರ್, ಆಮೇಲೆ ವ. ಪರಿವರ್ತಕ ಅದನ್ನು ಎತ್ತಿ ಅಕ್ಷರಕ್ಕಿಂತ ಮುಂಚೆ ಕೂರಿಸಬೇಕು. ನಾನು ಬಳಸಿದ್ದು ಕೂರಿಸಿರಲಿಲ್ಲ.

ಹುಡುಕಿ-ಬದಲಿಸಿ ಅಂತ ಒಂದೊಂದೇ ಪದ ಸರಿಮಾಡಿ ಕೊಟ್ಟೆ. ಹಿಂದೆಯೂ ಎಷ್ಟೋ ಸಲ ಹೀಗೇ ಮಾಡಿ ಸುಮ್ಮನಾಗಿದ್ದೆ. ಅಪ್ಪ ಕೇಳಿದ್ರು: "ನಂದು ಸರಿಹೋಯ್ತು. ಉಳಿದೋರದು?"

ನಾಚಿಕೆಯಾಯಿತು. ನಾಲ್ಕು ಜನ ಬಿಡುವಿನಲ್ಲಿ ಕಟ್ಟುತ್ತಿರುವ ತಂತ್ರಾಂಶ ಅದು, ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ನಾನೋ, ಬೈದುಕೊಂಡು ಬಳಸುತ್ತಿದ್ದೆ ಅಷ್ಟೇ.

ಅವತ್ತೇ ರಾತ್ರಿ ಅರವತ್ತೂ ಪುಟ ಕಳಿಸಿದೆ. ಬೆಳಗ್ಗೆ ಉತ್ತರ ಬಂತು: ಇದರಲ್ಲಿ ತಪ್ಪು ಎಲ್ಲಿದೆ? ಅದು ಕಾಣುವಷ್ಟು ಚಿಕ್ಕ ಉದಾಹರಣೆ ಕೊಡ್ತೀರಾ? ಆಫೀಸಿನಲ್ಲಿ ನಾನೇ ಬೇರೆಯವರಿಗೆ ದಿನಾ ಹೇಳುವ ಮಾತು :)

ಆಮೇಲೆ ಅಪ್ಪ, ನಾನು ಕೂತು ಕತ್ತರಿಸಿದೆವು. ಜನರ ಹೆಸರು, ಫೋನ್ ನಂಬರ್ ಇದ್ದ ಸಾಲು ಬಿಟ್ಟೆವು. ಕೊನೆಗೆ ಉಳಿದದ್ದು ಮೂರು ಸಾಲು: ಸಂಡೂರು, ಹಂಪಿ, ಕಂಪ್ಲಿ, ಒಂದೊಂದು. ಎರಡು ಫೈಲು ಮಾಡಿದೆವು. ಒಂದು ನುಡಿಯಲ್ಲಿದ್ದ ಹಾಗೇ, ಇನ್ನೊಂದು ಸರಿಯಾಗಿ ಬಂದರೆ ಹೇಗಿರಬೇಕೋ ಹಾಗೆ. ಎರಡನೆಯದನ್ನು ಅಪ್ಪನೇ ಮೂರು ಸಲ ತಿದ್ದಿದರು. ಬರಹ ಅವರದು, ಹಾಗಾಗಿ ಯಾರು ಬೇಕಾದರೂ ಬಳಸಬಹುದು ಅಂತ ಒಪ್ಪಿಗೆಯನ್ನೂ ಕೇಳಿದೆ. "ಮೂರು ಸಾಲಿಗೆ ಇಷ್ಟೆಲ್ಲಾನಾ!" ಅಂತ ನಕ್ಕು ಹೂಂ ಅಂದರು.

ವಾರದಲ್ಲಿ ತಪ್ಪು ಸರಿಹೋಯಿತು. ಸರಿ ಮಾಡಿದ್ದು ನಾನಲ್ಲ. ಆದರೆ ಈಗ ಆ ಕೋಡನ್ನು ಯಾರೇ ಮುಟ್ಟಿದರೂ ಪರೀಕ್ಷೆಯಲ್ಲಿ ಅಪ್ಪನ ಮೂರು ಸಾಲು ಓಡುತ್ತವೆ. ಪಾರ್ವತಿ ಮತ್ತೆ ಪಾವರ್ತಿಯಾದರೆ ಅಲ್ಲೇ ಕೆಂಪು ದೀಪ.

ನಿಮ್ಮ ಹಳೇ ಸಿಡಿಗಳಲ್ಲೂ ಇಂಥ ಸಾಲು ಇರಬಹುದು. ತಿದ್ದಿ ಸುಮ್ಮನಾಗಬೇಡಿ, ಒಂದನ್ನಾದರೂ ಕಳಿಸಿ. ಏನಂತೀರಿ?