ಹತ್ತನೆಯ ಸಂಪುಟದ ಕೊನೆಯ ಹಾಳೆ

ನಮ್ಮ ಪ್ರೌಢಶಾಲೆಯಲ್ಲಿ ಶುಕ್ರವಾರದ ಕೊನೆಯ ಗಂಟೆಯು ಪುಸ್ತಕಭಂಡಾರದಲ್ಲಿನ ಮೌನವಾಚನಕ್ಕೆ ಮೀಸಲಾಗಿರುವುದು ಹಳೆಯ ವಿದ್ಯಾರ್ಥಿನಿಯರೆಲ್ಲರಿಗೂ ನೆನಪಿರಬಹುದು. ಕಳೆದ ವರ್ಷ ಅಂತಹದೊಂದು ಗಂಟೆಯಲ್ಲಿ ಮೌನವು ಮುರಿದು, ವಾಗ್ವಾದದ ಧ್ವನಿಯು ನಮ್ಮ ಕೊಠಡಿಯವರೆಗೂ ಕೇಳಿಬಂದಿತು. ನಾವು ಹೋಗಿ ನೋಡಲಾಗಿ, ಹತ್ತನೆಯ ತರಗತಿಯ ಇಬ್ಬರು ಬಾಲಿಕೆಯರೂ ಕಿರಿಯ ಉಪಾಧ್ಯಾಯಿನಿಯೊಬ್ಬರೂ ಒಂದು ದಪ್ಪ ಪುಸ್ತಕವನ್ನು ನಡುವೆ ಇಟ್ಟುಕೊಂಡು ಚರ್ಚಿಸುತ್ತಿದ್ದರು. ನಮ್ಮನ್ನು ಕಂಡೊಡನೆ ಸದ್ದಡಗಿತು. ಬಳಿಕ ಅವರಲ್ಲಿ ಧೈರ್ಯವಂತೆಯಾದ ಬಾಲಿಕೆಯು ಪುಸ್ತಕದ ಕೊನೆಯ ಹಾಳೆಯನ್ನು ತೆರೆದು, “ಟೀಚರ್, ಇದು ತಮ್ಮ ಅಕ್ಷರವೇ?” ಎಂದು ಕೇಳಿದಳು.

ಅಕ್ಷರವು ನಮ್ಮದೇ. ಸೀಸದ ಕಡ್ಡಿಯಿಂದ ಬರೆದ ಎರಡು ಸಾಲು: “ಗ್ರಂಥಕರ್ತನು ದಾರಿ ತಪ್ಪಿದ್ದಾನೆ. ಇನ್ನು ಮುಂದೆ ಓದುವುದು ಬರಿಯ ಕಾಲಹರಣ.” ಕೆಳಗೆ ೨೦೦೩ ಎಂಬ ಇಸವಿ. ನಮ್ಮ ಸ್ವಂತ ಪುಸ್ತಕಗಳನ್ನು ಶಾಲೆಗೆ ಕೊಡುವಾಗ ಆ ಹಾಳೆಯನ್ನು ನಾವು ಮರೆತಿದ್ದೆವು. ಈ ಸ್ಮರಣ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ, ಆ ಎರಡು ಸಾಲುಗಳಿಗೆ ಸಮಾಧಾನ ಹೇಳುವುದೇ ನಮ್ಮ ಮೊದಲ ಕರ್ತವ್ಯವೆಂದು ತೋರಿತು.

ಆ ಕಥಾಮಾಲೆಯ ಹೆಸರು ‘ದಿ ವೀಲ್ ಆಫ್ ಟೈಮ್’. ನಾವು ಇಲ್ಲಿ ಅದನ್ನು ‘ಕಾಲಚಕ್ರ’ವೆಂದು ಕರೆಯುವೆವು. ಗ್ರಂಥಕರ್ತರು ರಾಬರ್ಟ್ ಜೋರ್ಡನ್. ಇದು ಅವರ ಲೇಖನನಾಮವು; ನಿಜನಾಮ ಜೇಮ್ಸ್ ಆಲಿವರ್ ರಿಗ್ನಿ. ೧೯೪೮ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾ ಸಂಸ್ಥಾನದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ ಜನಿಸಿದ ಇವರು ವಿಯೆಟ್ನಾಂ ಯುದ್ಧದಲ್ಲಿ ಸೇವೆ ಮಾಡಿ, ಹಿಂದಿರುಗಿ ಭೌತಶಾಸ್ತ್ರವನ್ನು ಅಭ್ಯಾಸಮಾಡಿ, ಆಮೇಲೆ ಲೇಖಕರಾದರು. ಕಾಲಚಕ್ರದ ಮೊದಲನೆಯ ಸಂಪುಟವು ೧೯೯೦ರ ಜನವರಿಯಲ್ಲಿಯೂ ಹದಿನಾಲ್ಕನೆಯದಾದ ಕಡೆಯ ಸಂಪುಟವು ೨೦೧೩ರ ಜನವರಿಯಲ್ಲಿಯೂ ಪ್ರಕಟವಾದವು. ಇವಲ್ಲದೆ ೨೦೦೪ರಲ್ಲಿ ಬಂದ ಪೂರ್ವಕಥೆಯೊಂದುಂಟು. ಒಟ್ಟು ೪೦ ಲಕ್ಷಕ್ಕೂ ಮಿಕ್ಕ ಶಬ್ದಗಳು. ಹಳ್ಳಿಯ ಕುರಿ ಕಾಯುವ ಯುವಕನಾದ ರ‍್ಯಾಂಡ್ ಎಂಬುವನು ಅಂಧಕಾರಶಕ್ತಿಯೊಡನೆ ಕಡೆಯ ಯುದ್ಧವನ್ನು ಹೋರಾಡಬೇಕೆಂಬುದು ವಿಧಿ. ಅವನಿಗೆ ಒದಗಿದ ದಿವ್ಯಶಕ್ತಿಯ ಪುರುಷಭಾಗಕ್ಕೆ ವಿಷ ತಗುಲಿರುವುದರಿಂದ, ಅದನ್ನು ಬಳಸುವ ಗಂಡಸು ಕ್ರಮೇಣ ಬುದ್ಧಿಭ್ರಮೆಗೊಳ್ಳುವನು. ಸ್ತ್ರೀಭಾಗವು ಮಾತ್ರ ನಿರ್ಮಲವಾಗಿ ಉಳಿದಿದೆ. ಆದುದರಿಂದ ಆ ಲೋಕದಲ್ಲಿ ವಿದ್ಯೆಯೂ ಅಧಿಕಾರವೂ ಬಹುಮಟ್ಟಿಗೆ ಹೆಂಗಸರ ವಶದಲ್ಲಿರುವುವು.

ಇಷ್ಟು ದೀರ್ಘವಾದ ಗ್ರಂಥದ ವಿಷಯದಲ್ಲಿ ವಾಚಕರು ಏಕಾಭಿಪ್ರಾಯರಾಗಿರುವುದು ಅಸಂಭವವಷ್ಟೆ. ನಮ್ಮ ಪುಸ್ತಕಭಂಡಾರದ ಮೇಜಿನ ಸುತ್ತಲೂ ಆ ದಿನ ನಡೆದ ವಾದವು, ಲೋಕದಲ್ಲಿ ಈ ಗ್ರಂಥದ ಬಗೆಗೆ ನಡೆದಿರುವ ವಾದದ ಒಂದು ಚಿಕ್ಕ ಪ್ರತಿಯೇ ಆಗಿದ್ದಿತು.

ಮೊದಲನೆಯ ಬಾಲಿಕೆಯು, ೨೦೨೧ರಿಂದ ೨೦೨೫ರವರೆಗೆ ಮೂರು ಭಾಗಗಳಾಗಿ ಪ್ರಸಾರವಾಗಿ ಅರ್ಧದಲ್ಲಿಯೇ ನಿಂತುಹೋದ ದೃಶ್ಯರೂಪವನ್ನು ಕಂಡು ಪುಸ್ತಕಕ್ಕೆ ಬಂದವಳು. ಅವಳ ದೂರು ಸ್ತ್ರೀಪಾತ್ರಗಳ ಮೇಲೆ. ಅರಸಿಯರೂ ವೈದ್ಯೆಯರೂ ಪಂಡಿತೆಯರೂ ಇಷ್ಟು ಜನರಿದ್ದರೂ ಸಿಟ್ಟು ಬಂದರೆ ಒಬ್ಬಳು ಜಡೆಯನ್ನು ಎಳೆದುಕೊಳ್ಳುತ್ತಾಳೆ, ಮಿಕ್ಕವರು ಲಂಗದ ನೆರಿಗೆ ಸವರಿಕೊಳ್ಳುತ್ತಾರೆ, ಗಂಡಸರನ್ನು ಬಯ್ಯುವಾಗ ಎಲ್ಲರ ಮಾತೂ ಒಂದೇ ಎಂದು ಅವಳು ಆಕ್ಷೇಪಿಸಿದಳು. ಇದು ಅವಳೊಬ್ಬಳ ಅಭಿಪ್ರಾಯವಲ್ಲ. ಜಡೆಯ ವಿಷಯವು ಕಾಲಚಕ್ರದ ವಾಚಕರಲ್ಲಿ ಬಹುಕಾಲದ ಹಾಸ್ಯವಾಗಿದೆ. ಎರಡನೆಯವಳು ಇದನ್ನು ಒಪ್ಪಲಿಲ್ಲ. “ಜಡೆ ಎಳೆದುಕೊಂಡರೇನಾಯಿತು? ಕಥೆಯನ್ನು ನಡೆಸುವವರು ಅವರೇ ಅಲ್ಲವೆ?” ಎಂಬುದು ಅವಳ ಉತ್ತರ. ಕಥೆಯಲ್ಲಿ ಬರುವ ‘ಬಿಳಿಯ ಗೋಪುರ’ವು ಹೆಣ್ಣುಮಕ್ಕಳ ದೊಡ್ಡ ವಿದ್ಯಾಶಾಲೆ. ಅಲ್ಲಿ ಹೊಸದಾಗಿ ಸೇರಿದವರಿಗೆ ಬಿಳಿಯ ಉಡುಪು, ನೆಲ ಒರೆಸುವ ಕೆಲಸ. ತಪ್ಪು ಮಾಡಿದವರು ನಿಲ್ಲಬೇಕಾದುದು ಮೇಲ್ವಿಚಾರಕಿಯ ಕೊಠಡಿಯ ಮುಂದೆ. ಆ ಮೇಲ್ವಿಚಾರಕಿಯನ್ನು ಬಾಲಿಕೆಯರು ಯಾರಿಗೆ ಹೋಲಿಸುತ್ತಿದ್ದರೆಂಬುದನ್ನು ನಾವು ವಿಚಾರಿಸಲಿಲ್ಲ.

ಎರಡನೆಯ ವಿವಾದವು ಪರಹಸ್ತದ ವಿಷಯವಾದದ್ದು. ಜೋರ್ಡನ್ನರು ಹನ್ನೊಂದು ಸಂಪುಟಗಳನ್ನು ಮುಗಿಸಿ, ಹೃದ್ರೋಗದಿಂದ ೨೦೦೭ರ ಸೆಪ್ಟೆಂಬರ್ ತಿಂಗಳಲ್ಲಿ ತೀರಿಕೊಂಡರು. ಅವರ ಪತ್ನಿಯೂ ಗ್ರಂಥದ ಸಂಪಾದಕಿಯೂ ಆದ ಹ್ಯಾರಿಯೆಟ್ ಮ್ಯಾಕ್‌ಡೂಗಲ್ ಅವರು ಬ್ರ್ಯಾಂಡನ್ ಸ್ಯಾಂಡರ್‌ಸನ್ ಎಂಬ ಕಿರಿಯ ಲೇಖಕರನ್ನು ಆರಿಸಿ, ಪತಿಯು ಬಿಟ್ಟುಹೋಗಿದ್ದ ಟಿಪ್ಪಣಿಗಳನ್ನೂ ಬರೆದಿದ್ದ ಭಾಗಗಳನ್ನೂ ಅವರ ಕೈಗೆ ಒಪ್ಪಿಸಿದರು. ಒಂದೇ ಸಂಪುಟವಾಗಬೇಕಾಗಿದ್ದುದು ೨೦೦೯, ೨೦೧೦, ೨೦೧೩ರಲ್ಲಿ ಮೂರಾಗಿ ಹೊರಬಂದಿತು. ಮ್ಯಾಟ್ ಎಂಬ ವಿನೋದಶೀಲ ಯುವಕನ ಮಾತಿನ ಧಾಟಿಯೇ ಬದಲಾಯಿತೆಂದು ಕೆಲವರು ಇಂದಿಗೂ ಮುನಿದಿರುವರು. ಕಥೆಯು ದಡ ಸೇರಿತಲ್ಲಾ ಎಂದು ಕೃತಜ್ಞರಾದವರೇ ಹೆಚ್ಚು. ಇದನ್ನು ಕೇಳಿ ನಮ್ಮ ಕನ್ನಡ ಪಂಡಿತರು, “ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಮುಂದುವರಿಸಲಿಲ್ಲವೆ? ಆಗಲೂ ಇಂತಹವೇ ಮಾತುಗಳು ಬಂದಿರಬೇಕು” ಎಂದು ನಕ್ಕರು.

ಆದರೆ ಎಲ್ಲಕ್ಕೂ ಹೆಚ್ಚಿನ ವಿವಾದವು ನಡುವಣ ಸಂಪುಟಗಳ ಮೇಲೆ. ಎಂಟರಿಂದ ಹತ್ತರವರೆಗಿನ ಭಾಗಕ್ಕೆ ವಾಚಕರು ‘ಸ್ಲಾಗ್’ ಎಂದು ಹೆಸರಿಟ್ಟಿದ್ದಾರೆ. ಕೆಸರಿನಲ್ಲಿ ಕಾಲೆಳೆದು ನಡೆಯುವಂತಹ ಪ್ರಯಾಣವೆಂದು ಅದರ ಭಾವ. ಒಂಬತ್ತನೆಯ ಸಂಪುಟದ ಕೊನೆಯಲ್ಲಿ ದಿವ್ಯಶಕ್ತಿಗೆ ತಗುಲಿದ ವಿಷವು ತೊಳೆದುಹೋಗುವ ಮಹತ್ಕಾರ್ಯ ನಡೆಯುವುದು. ಮುಂದೇನಾಯಿತೆಂದು ಆತುರದಿಂದ ಹತ್ತನೆಯದನ್ನು ತೆರೆದರೆ, ಆ ಕಾರ್ಯವು ನಡೆಯುತ್ತಿದ್ದ ಹೊತ್ತಿನಲ್ಲಿ ದೂರದ ಊರುಗಳಲ್ಲಿ ಇತರರು ಏನು ಮಾಡುತ್ತಿದ್ದರೆಂಬುದೇ ಪುಟಗಟ್ಟಲೆ ವಿಸ್ತರಿಸಿದೆ. ಕಥೆಯು ಮುಂದಕ್ಕೆ ಹೆಜ್ಜೆ ಇಡುವುದೇ ಅಪರೂಪ. ಕಿರಿಯ ಉಪಾಧ್ಯಾಯಿನಿಯವರಿಗೆ ಇದೇನೂ ತೊಂದರೆಯೆನಿಸಲಿಲ್ಲವಂತೆ. ಅವರು ೨೦೧೩ರ ಮೇಲೆ ಓದತೊಡಗಿ, ಒಂಬತ್ತನೆಯದನ್ನು ರಾತ್ರಿ ಮುಗಿಸಿ ಹತ್ತನೆಯದನ್ನು ಬೆಳಗ್ಗೆ ತೆರೆದವರು.

ನಮ್ಮ ಪಾಡು ಬೇರೆಯಾಗಿದ್ದಿತು. ೨೦೦೦ದಲ್ಲಿ ಉಪಾಧ್ಯಾಯ ತರಬೇತಿ ಕಾಲೇಜಿನ ವಸತಿಗೃಹದಲ್ಲಿ ನಮ್ಮ ಕೋಣೆಯ ಗೆಳತಿಯು ಮೊದಲನೆಯ ಸಂಪುಟವನ್ನು ನಮ್ಮ ಕೈಗಿತ್ತಳು. ದೀಪವಾರಿಸುವ ಗಂಟೆಯಾದ ಮೇಲೂ ಕಳ್ಳತನದಿಂದ ಓದಿದೆವು. ಒಂಬತ್ತನೆಯದು ಆ ವರ್ಷದ ಕೊನೆಯಲ್ಲಿ ಬಂದಿತು. ಅಲ್ಲಿಂದ ಹತ್ತನೆಯದಕ್ಕೆ ೨೦೦೩ರವರೆಗೆ ಕಾದೆವು. ಅಷ್ಟರಲ್ಲಿ ನಾವು ಉಪಾಧ್ಯಾಯಿನಿಯಾಗಿದ್ದೆವು. ಅಲ್ಪ ಸಂಬಳದಲ್ಲಿ ಉಳಿಸಿ ಆ ಪುಸ್ತಕವನ್ನು ತರಿಸಿಕೊಂಡಿದ್ದೆವು. ಕಾದು ಕಾದು ಪಡೆದುದರಲ್ಲಿ ಕಥೆಯು ಕದಲದಿರಲು, ಸಿಟ್ಟಿನಿಂದ ಆ ಎರಡು ಸಾಲುಗಳನ್ನು ಗೀಚಿ ಪುಸ್ತಕವನ್ನು ಮುಚ್ಚಿದೆವು.

೨೦೧೪ರ ಬೇಸಿಗೆಯ ರಜೆಯಲ್ಲಿ ಅದೇ ಗೆಳತಿಯು ಉಳಿದ ನಾಲ್ಕು ಸಂಪುಟಗಳನ್ನು ಕಳುಹಿಸಿಕೊಟ್ಟಳು. ಮೊದಲಿನಿಂದ ಪುನಃ ಓದಿದೆವು. ಹತ್ತನೆಯದು ಐದು ದಿನಗಳಲ್ಲಿ ಮುಗಿಯಿತು. ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಕಾಯುವಿಕೆಯೊಂದು ಇರಲಿಲ್ಲ, ಅಷ್ಟೆ. ಅದು ಸಡಿಲವಾದ ಸಂಪುಟವೆಂಬುದು ಇಂದಿಗೂ ನಮ್ಮ ಮತ. ಆದರೆ ಸಡಿಲವಾಗಿದೆಯೆನ್ನುವುದು ಬೇರೆ, ದಾರಿ ತಪ್ಪಿದೆಯೆನ್ನುವುದು ಬೇರೆ. ಮೊದಲನೆಯದು ಓದಿದ ಪುಟಗಳ ಮೇಲಿನ ಅಭಿಪ್ರಾಯ. ಎರಡನೆಯದು ಇನ್ನೂ ಓದದ, ಅಷ್ಟೇ ಏಕೆ, ಇನ್ನೂ ಬರೆಯದ ಪುಟಗಳ ಮೇಲಿನ ತೀರ್ಪು.

ಇದು ಪುಸ್ತಕದ ಮಾತಾಗಿಯೇ ಉಳಿದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಆ ಸೀಸದ ಕಡ್ಡಿಯು ನಮ್ಮ ಕೈಯಲ್ಲಿ ಇನ್ನೊಂದು ಕಡೆಯೂ ಓಡಿದ್ದಿತು. ೨೦೦೫ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಪ್ರಗತಿಪತ್ರದಲ್ಲಿ ನಾವು ಬರೆದದ್ದು: “ಮುಂದಕ್ಕೆ ಓದುವ ಲಕ್ಷಣ ಕಾಣುವುದಿಲ್ಲ.” ಅವಳು ಹಿಂದುಳಿದಿದ್ದುದು ನಿಜ. ಗಣಿತದ ಗಂಟೆಯಲ್ಲಿ ತೂಕಡಿಸುತ್ತಿದ್ದುದೂ ನಿಜ. ನಾವು ಲೆಕ್ಕ ಬಿಡಿಸುತ್ತಿದ್ದ ಅದೇ ಹೊತ್ತಿನಲ್ಲಿ ಅವಳ ಮನೆಯಲ್ಲಿ ಏನು ನಡೆಯುತ್ತಿತ್ತೆಂದು ವಿಚಾರಿಸಲಿಲ್ಲ. ತಾಯಿಯು ಹಾಸಿಗೆ ಹಿಡಿದಿದ್ದರೆಂದೂ, ತಮ್ಮಂದಿರಿಗೆ ಅಡಿಗೆಮಾಡಿಟ್ಟು ಅವಳು ಶಾಲೆಗೆ ಬರುತ್ತಿದ್ದಳೆಂದೂ ನಮಗೆ ತಿಳಿದುದು ಬಹಳ ತಡವಾಗಿ. ತಂದೆಯವರು ಉಪಾಧ್ಯಾಯಿನಿಯ ಮಾತನ್ನು ಕೊನೆಯ ಮಾತೆಂದು ನಂಬಿದರು. ಮುಂದಿನ ಜೂನ್ ತಿಂಗಳಲ್ಲಿ ಹುಡುಗಿಯು ಶಾಲೆಗೆ ಬರಲಿಲ್ಲ.

೨೦೨೪ರಲ್ಲಿ ಆಕೆ ತಮ್ಮ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದರು. ಅರ್ಜಿಯಲ್ಲಿ ತಾಯಿಯ ವಿದ್ಯಾಭ್ಯಾಸವೆಂಬಲ್ಲಿ ‘ಒಂಬತ್ತನೆಯ ತರಗತಿ’ ಎಂದು ತುಂಬಿ ನಮ್ಮ ಮುಂದೆ ಇಟ್ಟರು. ನಾವು ಗುರುತಿಸಿ ಕ್ಷಮೆ ಬೇಡಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಪತ್ರ ಇನ್ನೂ ಮನೆಯಲ್ಲಿದೆ, ಟೀಚರ್. ಇವಳಿಗೆ ಮಾತ್ರ ಹಾಗೆ ಬರೆಯಬೇಡಿ” ಎಂದರು. ಇಪ್ಪತ್ತು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ಇದಕ್ಕಿಂತ ಮೆಲ್ಲಗಿನ ಧ್ವನಿಯ ಛೀಮಾರಿಯನ್ನು ನಾವು ಕೇಳಿಲ್ಲ.

ಕಾಲಚಕ್ರದ ಆ ನಡುವಣ ಸಂಪುಟಗಳಲ್ಲಿಯೇ ಒಂದು ಪ್ರಸಂಗವಿದೆ. ಇಪ್ಪತ್ತು ತುಂಬದ ಎಗ್ವೇನ್ ಎಂಬ ಯುವತಿಯು ಬಿಳಿಯ ಗೋಪುರದ ಒಂದು ಪಕ್ಷಕ್ಕೆ ಮುಖ್ಯಸ್ಥಳಾಗಿ, ವಯಸ್ಸು ಮೀರಿದವರನ್ನು ಸೇರಿಸಿಕೊಳ್ಳದಿದ್ದ ಹಳೆಯ ಕಟ್ಟಳೆಯನ್ನು ತೆಗೆದುಹಾಕಿ, ಕಲಿಯಲು ಶಕ್ತಳಾದ ಯಾವ ಹೆಂಗಸೇ ಬಂದು ಕೇಳಿದರೂ ಹೆಸರು ಬರೆದುಕೊಳ್ಳಿರೆಂದು ಆಜ್ಞಾಪಿಸುವಳು. ಹಾಗೆ ಬಂದವರಲ್ಲಿ ಶರೀನಾ ಎಂಬ ಅಜ್ಜಿಯೊಬ್ಬಳು ಎಲ್ಲರಿಗಿಂತಲೂ ಹೆಚ್ಚಿನ ಶಕ್ತಿಯುಳ್ಳವಳಾಗಿ ಕಂಡುಬರುವಳು. ೨೦೦೩ರಲ್ಲಿ ಇಂತಹ ಪುಟಗಳನ್ನು ನಾವು ಬೇಸರದಿಂದ ಮಗುಚಿದ್ದೆವು. ಆ ತಾಯಿಯು ಎದ್ದು ಹೊರಟಾಗ ಅದು ನೆನಪಾಯಿತು. ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳಬಹುದೆಂದು ಅವರಿಗೆ ತಿಳಿಸಿದೆವು. ವಾರಕ್ಕೆ ಮೂರು ಸಂಜೆ, ಮಗಳ ತರಗತಿಯ ಬೆಂಚಿನ ಮೇಲೆಯೇ ಕುಳಿತು, ನಮ್ಮಿಂದ ಗಣಿತವನ್ನು ಹೇಳಿಸಿಕೊಂಡರು. ೨೦೨೫ರಲ್ಲಿ ಪರೀಕ್ಷೆ ಬರೆದರು. ಗಣಿತವನ್ನು ಎರಡನೆಯ ಬಾರಿ ಬರೆಯಬೇಕಾಯಿತು. ಹೆಸರು ಹೇಳದೆ ಇಷ್ಟನ್ನು ತಿಳಿಸಲು ಅವರು ಅಪ್ಪಣೆ ಕೊಟ್ಟಿದ್ದಾರೆ. ಫಲವನ್ನು ಅಚ್ಚುಹಾಕಿಸಲು ಕೊಟ್ಟಿಲ್ಲ. ಅವರ ವಿಷಯವನ್ನು ಅವರನ್ನು ಕೇಳದೆ ಒಮ್ಮೆ ಬರೆದುದೇ ಸಾಕಾಗಿದೆ.

ಆ ಶುಕ್ರವಾರದಂದು ಇದನ್ನೆಲ್ಲ ನಾವು ಬಾಲಿಕೆಯರಿಗೆ ಹೇಳಲಿಲ್ಲ. ಒಬ್ಬಳು ರಬ್ಬರನ್ನು ಮುಂದೆ ಮಾಡಿ, “ಅಳಿಸಿಬಿಡಲೇ, ಟೀಚರ್?” ಎಂದಳು. ಬೇಡವೆಂದೆವು. ಅದರ ಕೆಳಗೆ, “ಇದನ್ನು ಬರೆದಾಗ ನಾವು ಪೂರ್ತಿ ಓದಿರಲಿಲ್ಲ” ಎಂದು ಬರೆದು ಅಂದಿನ ತಾರೀಖು ಹಾಕಿದೆವು. ಬಾಲಿಕೆಯರಿಬ್ಬರೂ ತಮ್ಮ ತಮ್ಮ ಅಭಿಪ್ರಾಯಗಳನ್ನು ಸೇರಿಸಿದರು. ಜಡೆಯ ಆಕ್ಷೇಪವೂ ಅಲ್ಲಿದೆ. ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗ ಆ ಸಂಪುಟವನ್ನು ಕೇಳಿ ಪಡೆದು ತಮ್ಮ ಮಾತನ್ನೂ ಬರೆಯಬಹುದು. ಪುಸ್ತಕಗಳಲ್ಲಿ ಬರೆಯಕೂಡದೆಂಬ ನಮ್ಮ ನಿಯಮಕ್ಕೆ ಆ ಹಾಳೆಯೊಂದೇ ಅಪವಾದ. ಎಷ್ಟನೆಯ ಸಂಪುಟದವರೆಗೆ ಓದಿದ್ದೀರೆಂಬುದನ್ನು ಮಾತ್ರ ತಪ್ಪದೆ ನಮೂದಿಸತಕ್ಕದ್ದು.