ಒಂದೇ ಗಾಳಿಯ ಊರುಗಳು

ಆಗುಂಬೆಯಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಹೋಗುವುದಾದರೆ ಜುಲೈ ತಿಂಗಳಲ್ಲೇ ಹೋಗಬೇಕು. ಬೆಳಿಗ್ಗೆ ಹತ್ತುವಾಗ ಕೊಡೆ, ಚಪ್ಪಲಿ, ಟಿಕೆಟ್ಟು ಎಲ್ಲವೂ ಒದ್ದೆ. ಸಂಜೆ ಇಳಿಯುವಾಗ ತಲೆಗೂದಲ ತುಂಬ ಧೂಳು. ನಡುವೆ ಇರುವುದು 200 ಚಿಲ್ಲರೆ ಕಿಲೋಮೀಟರು, ಬಸ್ಸು ಬದಲಿಸುವ ಶಿವಮೊಗ್ಗ, ಚಿತ್ರದುರ್ಗ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ. ಚಳ್ಳಕೆರೆಗೆ 500 ಬಂದರೆ ಆ ವರ್ಷ ಶೇಂಗಾ ಬೆಳೆದವನ ಮುಖ ನೋಡಬೇಕು.

ಗಾಳಿ ಮಾತ್ರ ಎರಡೂ ಊರಿಗೆ ಒಂದೇ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತದೆ, ಏರದೆ ವಿಧಿಯಿಲ್ಲ. ಏರಿದಷ್ಟೂ ತಣ್ಣಗಾಗಿ ಹೊರೆಯನ್ನು ಅಲ್ಲೇ ಇಳಿಸಿಬಿಡುತ್ತದೆ. ಮೂಡಲಿಗೆ ಇಳಿಯುವಾಗ ಮತ್ತೆ ಬೆಚ್ಚಗಾಗಿ ಉಳಿದ ಮೋಡವೂ ಚದುರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ತಿರುಗಿಸುವುದು ಹೀಗೆ ಕೈ ಖಾಲಿ ಮಾಡಿಕೊಂಡು ಬಂದ ಗಾಳಿಯೇ. ಒಂದೂರಿಗೆ ಮಳೆ, ಇನ್ನೊಂದೂರಿಗೆ ಕರೆಂಟು. ಪಾಲು ಸರಿಯಾಗಿದೆಯೇ ಎಂದು ಚಳ್ಳಕೆರೆಯವರನ್ನು ಕೇಳದಿರುವುದು ಒಳ್ಳೆಯದು.

ಆಗುಂಬೆಯ ಕಾಡಿನ ಒಂದು ಎಲೆಯನ್ನು ಕೈಗೆತ್ತಿಕೊಂಡು ನೋಡಿ, ಇಂಬಳ ಕಾಲು ಹತ್ತುವುದರೊಳಗೆ. ದಪ್ಪ, ನುಣುಪು, ಮಿರಿಮಿರಿ. ತುದಿಯನ್ನು ಯಾರೋ ಹಿಡಿದೆಳೆದಂತೆ ಚೂಪು. ಬಿದ್ದ ಹನಿ ಆ ತುದಿಯಿಂದ ಜಾರಿಹೋಗುತ್ತದೆ, ಎಲೆಯ ಮೇಲೆ ನಿಲ್ಲುವುದಿಲ್ಲ. ಅಲ್ಲಿಯ ಮನೆಗಳದ್ದೂ ಇದೇ ಹಟ: ಕಡಿದಾದ ಹೆಂಚಿನ ಮಾಡು, ಇರಚಲು ಹೊಡೆಯದಂತೆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ. ಚಳ್ಳಕೆರೆ ಕಡೆಯ ಹಳೆಯ ಮಾಳಿಗೆ ಮನೆಗಳು ಮಟ್ಟಸ, ಮೇಲೆ ಕರಲು ಮಣ್ಣು. ಬಾರದ ಮಳೆಗೆ ಇಳಿಜಾರು ಯಾಕೆ? ಮಾಳಿಗೆಯ ಮೇಲೆ ಕಾಳು ಒಣಗಿಸಿದರೆ ಆದೀತು.

ಮಳೆ ಎಷ್ಟು ಎನ್ನುವುದರಲ್ಲೇ ಎಲ್ಲ ಮುಗಿಯುವುದಿಲ್ಲ. ಘಟ್ಟದ ನಿತ್ಯಹರಿದ್ವರ್ಣ ಕಾಡುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಫ್ರೆಂಚ್ ಸಸ್ಯವಿಜ್ಞಾನಿ ಜೆ.ಪಿ. ಪಾಸ್ಕಲ್, ಮಳೆಯಿಲ್ಲದ ತಿಂಗಳುಗಳೆಷ್ಟು ಎಂಬುದನ್ನೂ ಅಷ್ಟೇ ಮುಖ್ಯವಾಗಿ ಲೆಕ್ಕಕ್ಕೆ ತೆಗೆದುಕೊಂಡರು. ಬಸ್ಸಿನಲ್ಲಿ ಕೂತವರಿಗೆ ಇದು ಮಂಡಗದ್ದೆ ದಾಟಿದ ಮೇಲೆ ಅರ್ಥವಾಗುತ್ತದೆ. ಅಲ್ಲೂ ಮಳೆಗೆ ಬರವಿಲ್ಲ, ಆದರೆ ಬೇಸಿಗೆ ಉದ್ದ. ಅದಕ್ಕೇ ಮತ್ತಿ, ಹೊನ್ನೆ, ತೇಗಗಳು ಮಾರ್ಚಿಯ ಹೊತ್ತಿಗೆ ಎಲೆಯುದುರಿಸಿ ಖರ್ಚು ತಗ್ಗಿಸಿಕೊಳ್ಳುತ್ತವೆ. ಶಿವಮೊಗ್ಗ, ಹೊಳೆಹೊನ್ನೂರು ಕಳೆದರೆ ಭದ್ರಾ ನಾಲೆಯ ಹಸಿರು ನಮ್ಮನ್ನು ಯಾಮಾರಿಸುತ್ತದೆ. ಅದು ಮಳೆಯದಲ್ಲ, ಅಣೆಕಟ್ಟಿನದು. ಹೊಳಲ್ಕೆರೆಯಿಂದಾಚೆಗೆ ಜಾಲಿ, ಬಾರೆ: ಎಲೆ ಚಿಕ್ಕದು, ಮುಳ್ಳು ದೊಡ್ಡದು.

ಚಳ್ಳಕೆರೆ ಸೀಮೆಯ ಕಾವಲುಗಳ ಬಗ್ಗೆ ಮಾತ್ರ ನಾನು ತುಸು ಜಗಳಗಂಟ. ಮೈಸೂರು ಅರಸರ ಬೆಣ್ಣೆ ಚಾವಡಿಯ, ಟಿಪ್ಪುವಿನ ಕಾಲದಿಂದ ಅಮೃತಮಹಲ್ ಎನಿಸಿಕೊಂಡ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು ಇದು. ಇದರಲ್ಲಿ ಸಾವಿರಾರು ಎಕರೆ ಈಗ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. ಮರವಿಲ್ಲದ್ದೆಲ್ಲ ಬಂಜರು ಎಂಬುದು ಕಾಡಿನ ಕಡೆಯಿಂದ ಬಂದವರ ಅಹಂಕಾರ. ಹುಲ್ಲಿಗೆ ಸಾಕಾಗುವಷ್ಟು, ದಟ್ಟ ಕಾಡಿಗೆ ಸಾಲದಷ್ಟು ಮಳೆ ಬೀಳುವ ಕಡೆ ನೆಲ ತಾನಾಗಿ ಆರಿಸಿಕೊಂಡದ್ದು ಹುಲ್ಲನ್ನು. ಬೇಸಿಗೆಯಲ್ಲಿ ಸತ್ತಂತೆ ಕಾಣುವ ಕರಡ ಒಂದು ಹದಮಳೆಗೆ ವಾರದೊಳಗೆ ಹಸಿರಾಗುತ್ತದೆ. ಕೃಷ್ಣಮೃಗಕ್ಕೆ ಓಡಲು ಬಯಲು ಬೇಕು. ಅಲ್ಲಿ ನೀಲಗಿರಿ ನೆಟ್ಟು ವನಮಹೋತ್ಸವ ಮಾಡಿದರೆ ಅದಕ್ಕೇನು ಸಂಭ್ರಮ?

ಆ ಹುಲ್ಲು ತಿಂದ ಕುರಿಯ ಉಣ್ಣೆಯಿಂದಲೇ ಚಳ್ಳಕೆರೆಯ ಕರಿಕಂಬಳಿ. ಮಲೆನಾಡಿನಲ್ಲಿ ನಾಟಿಯ ಹೊತ್ತಿಗೆ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದದ್ದು ಇಂಥ ಬಯಲುಸೀಮೆಯ ಕಂಬಳಿಯಲ್ಲೇ. ಅಷ್ಟು ಮಳೆ ಬೀಳುವ ಊರು ಮಳೆಯಿಂದ ತಪ್ಪಿಸಿಕೊಳ್ಳಲು ಮಳೆಯಿಲ್ಲದ ಊರನ್ನು ನೆಚ್ಚಿಕೊಂಡಿತ್ತು. ಕಾವಲಿನ ಬದಿಯಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ ಒಬ್ಬ ಅಜ್ಜನ ಹತ್ತಿರ ಆಗುಂಬೆಯ ಮಳೆಯನ್ನು ಬಣ್ಣಿಸಿದೆ. ಹೊಟ್ಟೆ ಉರಿದುಕೊಳ್ಳುತ್ತಾನೆಂದು ಎಣಿಸಿದ್ದೆ. ಅವನು ಕೋಲಿಗೆ ಗದ್ದ ಊರಿ ಪೂರ್ತಿ ಕೇಳಿಸಿಕೊಂಡು, "ಅಷ್ಟೊಂದು ಹುಯ್ದ್ರೆ ಕುರಿ ಕಾಲು ಕೊಳ್ತು ಹೋಗಲ್ವೇನ್ ಸ್ವಾಮಿ? ಪಾಪ, ಅಲ್ಲಿ ಜನ ಹೆಂಗಿರ್ತಾರೆ?" ಎಂದ.